ಬಹುಆಟಗಾರರ ಆನ್‌ಲೈನ್ ಆಟಗಳು: ಆದಾಯದ ಮೂಲ ಹಾಗೂ ಆಟಗಾರರ ಆಸಕ್ತಿ – ಅರ್ಜಿದಾರರ ಮಾಹಿತಿಗಾಗಿ

ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಕರ್ನಾಟಕವು 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿದ್ದು, ತದನಂತರ 2024-29ರ ಅವಧಿಗೆ ಎವಿಜಿಸಿ-ಎಕ್ಸ್‌ಆರ್ ನೀತಿಯನ್ನು ಪ್ರಕಟಿಸಲಾಗಿದೆ. ಈ ಕ್ಷೇತ್ರದಲ್ಲಿ ಉದ್ದಿಮೆ ಸ್ಥಾಪಿಸಲು ಇಚ್ಛಿಸುವವರು, ವಿಶೇಷವಾಗಿ ಹಲವರು ಏಕಕಾಲದಲ್ಲಿ ಆಡುವ ಆನ್‌ಲೈನ್ ಆಟವನ್ನು ರೂಪಿಸುವವರು, ತಮ್ಮ ಯೋಜನಾ ವರದಿಯಲ್ಲಿ ಆದಾಯವು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ. ತತ್ಸಂಬಂಧವಾದ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಒಬ್ಬರೇ ಆಡುವ ಆಟವನ್ನು ಒಮ್ಮೆ ಮಾರಾಟ ಮಾಡಿದರೆ ವ್ಯವಹಾರವು ಬಹುಪಾಲು ಮುಗಿದಂತೆ. ಬಹುಆಟಗಾರರ ಆಟದಲ್ಲಿ ಹಾಗಲ್ಲ. ಸರ್ವರ್ ಬಾಡಿಗೆ, ದೂರು ಪರಿಹಾರ, ಮೋಸದ ಆಟದ ಮೇಲಿನ ನಿಗಾ ಇವುಗಳ ವೆಚ್ಚವು ಪ್ರತಿ ತಿಂಗಳೂ ಇರುತ್ತದೆ. ಅಲ್ಲದೆ, ಆಟಗಾರನು ಹಣ ಕೊಟ್ಟು ಪಡೆಯುವ ಅನುಭವದಲ್ಲಿ ಇತರ ಆಟಗಾರರೂ ಒಂದು ಭಾಗವಾಗಿರುತ್ತಾರೆ. ಉಚಿತವಾಗಿ ಆಡುವವನೂ ಹಣ ಕೊಡುವವನಿಗೆ ಎದುರಾಳಿ ಅಥವಾ ಸಂಗಡಿಗ. ಅವನು ಬೇಸತ್ತು ಹೊರಟುಹೋದರೆ ಉಳಿದವರಿಗೂ ಆಟವು ಸಪ್ಪೆಯಾಗುತ್ತದೆ. ಆದುದರಿಂದ ಲಾಭ ಮತ್ತು ಆಸಕ್ತಿ ಎಂಬ ಎರಡು ಪ್ರತ್ಯೇಕ ಅಧ್ಯಾಯಗಳನ್ನು ಬರೆಯುವ ಯೋಜನಾ ವರದಿಯು ಆರಂಭದಲ್ಲಿಯೇ ದಾರಿ ತಪ್ಪಿರುತ್ತದೆ.

ಆಟಗಾರರು ಯಾರು?

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಆರಂಭವಾದ 'ಮಡ್' ಎಂಬ ಪಠ್ಯರೂಪದ ಆಟವನ್ನು ರಚಿಸಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ ಅವರು 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆ ಬಯಸುವವರು, ಹೊಸತನ್ನು ಅರಸುವವರು, ಸ್ನೇಹ ಬಯಸುವವರು ಮತ್ತು ಇತರರ ಮೇಲೆ ಬಲ ತೋರುವವರು. ಕೊನೆಯ ವರ್ಗವು ಮಿತಿಮೀರಿದರೆ ಸ್ನೇಹ ಬಯಸುವವರು ಮೊದಲು ಆಟ ಬಿಡುತ್ತಾರೆ. 1997ರಲ್ಲಿ ಬಿಡುಗಡೆಯಾದ 'ಅಲ್ಟಿಮಾ ಆನ್‌ಲೈನ್' ಆಟದಲ್ಲಿ ಹೊಸಬರನ್ನು ಕೊಂದು ದೋಚುವುದು ದೊಡ್ಡ ಸಮಸ್ಯೆಯಾಗಿ, 2000ದಲ್ಲಿ ಆಟದ ಲೋಕವನ್ನೇ ಎರಡಾಗಿಸಿ, ಒಂದರಲ್ಲಿ ಒಪ್ಪಿಗೆಯಿಲ್ಲದ ಕಾಳಗಕ್ಕೆ ತಡೆ ಹಾಕಬೇಕಾಯಿತು. ಅಪಾಯವಿಲ್ಲದ ಲೋಕ ನೀರಸವಾಯಿತೆಂದು ಹಳೆಯ ಆಟಗಾರರು ಆಕ್ಷೇಪಿಸಿದ್ದೂ ಉಂಟು.

ಚಂದಾ ಪದ್ಧತಿ ಮತ್ತು ಉಚಿತ ಪದ್ಧತಿ

2004ರ ನವೆಂಬರ್‌ನಲ್ಲಿ ಬಿಡುಗಡೆಯಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ತಿಂಗಳಿಗೆ 14.99 ಡಾಲರ್ ಚಂದಾ ಪಡೆಯುವ ಪದ್ಧತಿಯಲ್ಲಿ ನಡೆದು, 2010ರಲ್ಲಿ 1 ಕೋಟಿ 20 ಲಕ್ಷ ಚಂದಾದಾರರನ್ನು ತಲುಪಿತು. ಇದರ ಪರೀಕ್ಷಾ ಹಂತದ ಒಂದು ಪ್ರಸಂಗವು ಗಮನಾರ್ಹವಾಗಿದೆ. ದೀರ್ಘಕಾಲ ಎಡೆಬಿಡದೆ ಆಡುವವರಿಗೆ ಅಂಕಗಳನ್ನು ಅರ್ಧಕ್ಕೆ ಇಳಿಸಿದಾಗ ಆಟಗಾರರು ಅಸಮಾಧಾನಗೊಂಡರು. ಅದೇ ಲೆಕ್ಕವನ್ನು ತಿರುಗಿಸಿ, ವಿಶ್ರಾಂತಿ ಪಡೆದು ಬಂದವರಿಗೆ ದುಪ್ಪಟ್ಟು ಅಂಕ ಎಂದು ಹೆಸರಿಸಿದಾಗ ಸ್ವಾಗತಿಸಿದರು. ದಂಡವೆಂದು ಕಂಡದ್ದು ಬಹುಮಾನವಾಯಿತು.

ಚಂದಾ ಪದ್ಧತಿಯು ಎಲ್ಲ ಆಟಗಳಿಗೂ ಒಗ್ಗುವುದಿಲ್ಲ. 2006ರಲ್ಲಿ ಚಂದಾ ಆಧಾರದಲ್ಲಿ ಆರಂಭವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್ ಆನ್‌ಲೈನ್' 2009ರಲ್ಲಿ ಪ್ರವೇಶವನ್ನು ಉಚಿತಗೊಳಿಸಿ, ಆಟದೊಳಗೆ ಅಂಗಡಿ ತೆರೆದ ನಂತರ ಅದರ ಆದಾಯವು ಹೆಚ್ಚಿತು. ಆದರೆ ಅಂಗಡಿಯಲ್ಲಿ ಏನನ್ನು ಮಾರಬೇಕು ಎಂಬುದೇ ಮುಖ್ಯ ಪ್ರಶ್ನೆ. ಉಡುಪು, ಬಣ್ಣ ಮುಂತಾದ ಅಲಂಕಾರವನ್ನು ಮಾರಿದರೆ ಸಾಮಾನ್ಯವಾಗಿ ಆಟದ ನ್ಯಾಯ ಕೆಡುವುದಿಲ್ಲ. ಬಲವನ್ನೇ ಮಾರಿದರೆ ಪರಿಶ್ರಮಕ್ಕೆ ಬೆಲೆ ಉಳಿಯುವುದಿಲ್ಲ. ಐಸ್‌ಲ್ಯಾಂಡಿನ 'ಈವ್ ಆನ್‌ಲೈನ್' ಆಟದಲ್ಲಿ 2011ರ ಜೂನ್‌ನಲ್ಲಿ ಪಾತ್ರಧಾರಿಯ ಒಂಟಿಗಣ್ಣಿನ ಕನ್ನಡಕಕ್ಕೆ 60 ಡಾಲರಿಗೂ ಮೀರಿದ ಬೆಲೆ ಇಡಲಾಯಿತು. ಅದು ಕೇವಲ ಅಲಂಕಾರದ ವಸ್ತುವಾಗಿದ್ದರೂ, ಮುಂದೆ ಬಲವನ್ನೂ ಮಾರುವರೆಂಬ ಶಂಕೆಯಿಂದ ಆಟಗಾರರು ಆಟದೊಳಗಿನ ಸ್ಮಾರಕವೊಂದರ ಮೇಲೆ ಗುಂಡು ಹಾರಿಸಿ ಪ್ರತಿಭಟಿಸಿದರು. ಆಟಗಾರರಿಂದ ಚುನಾಯಿತವಾದ ಮಂಡಳಿಯನ್ನು ಸಂಸ್ಥೆಯು ತುರ್ತಾಗಿ ಕರೆಸಿ ಮಾತುಕತೆ ನಡೆಸಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೋರಿದರು. ಸಿಬ್ಬಂದಿಯಲ್ಲಿ ಸುಮಾರು ಶೇ. 20ರಷ್ಟು ಮಂದಿಯನ್ನು ಕಡಿತಗೊಳಿಸಲಾಯಿತು.

'ಡಯಾಬ್ಲೊ 3' (2012) ಆಟದ ಪ್ರಕರಣವು ಇನ್ನೂ ಬೋಧಪ್ರದವಾಗಿರುತ್ತದೆ. ಆಟದಲ್ಲಿ ದೊರೆತ ಆಯುಧಗಳನ್ನು ಆಟಗಾರರು ನಿಜವಾದ ಹಣಕ್ಕೆ ಪರಸ್ಪರ ಮಾರಲು ಸಂಸ್ಥೆಯೇ ಹರಾಜು ಕಟ್ಟೆಯನ್ನು ತೆರೆದು, ತನ್ನ ಪಾಲಿನ ಶುಲ್ಕ ಪಡೆಯುತ್ತಿತ್ತು. ಕಾಗದದ ಮೇಲೆ ಇದು ಉತ್ತಮ ಆದಾಯ ಮೂಲವೇ ಸರಿ. ಆದರೆ ರಾಕ್ಷಸರನ್ನು ಸಂಹರಿಸಿ ಆಯುಧ ಗಳಿಸುವುದೇ ಆ ಆಟದ ತಿರುಳು; ಅದಕ್ಕಿಂತ ಉತ್ತಮವಾದುದು ಹರಾಜಿನಲ್ಲಿ ಸುಲಭವಾಗಿ ಸಿಗುವಾಗ ಆಡುವ ಕಾರಣವೇ ಉಳಿಯಲಿಲ್ಲ. ಆಟದ ತಿರುಳಿಗೆ ಧಕ್ಕೆಯಾಗಿದೆಯೆಂದು ಒಪ್ಪಿ ಸಂಸ್ಥೆಯು ಸದರಿ ಕಟ್ಟೆಯನ್ನು 18.03.2014ರಂದು ಮುಚ್ಚಿತು.

ಕಾನೂನಿನ ಮಿತಿಗಳು

ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ 'ಲೂಟ್ ಬಾಕ್ಸ್' ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ಬೆಲ್ಜಿಯಂನ ನಿಯಂತ್ರಣ ಆಯೋಗವು 2018ರಲ್ಲಿ ಅಭಿಪ್ರಾಯಪಟ್ಟಿತು. 'ಫೋರ್ಟ್‌ನೈಟ್' ಆಟದ ಸಂಸ್ಥೆಯು, ಮಕ್ಕಳ ಖಾಸಗಿ ಮಾಹಿತಿ ಸಂಗ್ರಹಣೆ ಹಾಗೂ ಅರಿಯದೆ ಖರೀದಿಯಾಗುವಂತಹ ಗುಂಡಿಗಳ ವಿನ್ಯಾಸ ಕುರಿತ ಆರೋಪಗಳ ಇತ್ಯರ್ಥಕ್ಕಾಗಿ, ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಒಟ್ಟು 52 ಕೋಟಿ ಡಾಲರ್ ಪಾವತಿಸಲು ಒಪ್ಪಿತು. ಇದರಲ್ಲಿ 24.5 ಕೋಟಿ ಡಾಲರ್ ಗ್ರಾಹಕರಿಗೆ ಹಿಂದಿರುಗಿಸಲು ಮೀಸಲಾಗಿತ್ತು.

ಭಾರತದಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮ, 2025ಕ್ಕೆ ದಿನಾಂಕ 22.08.2025ರಂದು ರಾಷ್ಟ್ರಪತಿಗಳ ಅಂಕಿತ ದೊರೆತಿದೆ. ಹಣ ಅಥವಾ ಇತರ ಪಣವನ್ನಿಟ್ಟು ಗೆಲುವಿನ ಲಾಭವನ್ನು ನಿರೀಕ್ಷಿಸುವ ಆಟವನ್ನು, ಅದು ಕೌಶಲ್ಯದ್ದಾಗಲಿ ಅದೃಷ್ಟದ್ದಾಗಲಿ, ಈ ಅಧಿನಿಯಮವು ನಿಷೇಧಿಸುತ್ತದೆ. ಅಂತಹ ಆಟವನ್ನು ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, ರೂ. 1 ಕೋಟಿವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಪಣದ ಸ್ವರೂಪದಲ್ಲಿಲ್ಲದ ಚಂದಾ ಅಥವಾ ಒಂದಾವರ್ತಿ ಪ್ರವೇಶ ಶುಲ್ಕ ಪಡೆಯುವ ಸಾಮಾಜಿಕ ಆಟಗಳಿಗೆ ಹಾಗೂ ಇ-ಕ್ರೀಡೆಗಳಿಗೆ ಅವಕಾಶವಿರುತ್ತದೆ.

ಹಣಕ್ಕೆ ಪರಿವರ್ತಿಸಬಹುದಾದ ನಾಣ್ಯ, ಟೋಕನ್ ಇತ್ಯಾದಿಗಳೂ 'ಇತರ ಪಣ'ದ ವ್ಯಾಪ್ತಿಗೆ ಬರುವುದರಿಂದ, ಆಟದ ನಾಣ್ಯವನ್ನು ಆಟಗಾರನು ಮರಳಿ ನಗದಾಗಿಸಬಹುದೇ ಎಂಬುದನ್ನು ಅರ್ಜಿದಾರರು ವರದಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಹರಾಜು ಕಟ್ಟೆಯಂತಹ ವ್ಯವಸ್ಥೆಯನ್ನು ಯೋಜಿಸಿರುವವರು ಮೊದಲೇ ಕಾನೂನು ಸಲಹೆ ಪಡೆಯತಕ್ಕದ್ದು. 18 ವರ್ಷದೊಳಗಿನವರ ಮಾಹಿತಿ ಪಡೆಯಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಅಗತ್ಯಪಡಿಸುತ್ತದೆ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೂ ಅದು ತಡೆ ಹಾಕುತ್ತದೆ. ಜಾಹೀರಾತಿನ ಆದಾಯವನ್ನು ನೆಚ್ಚಿ ಲೆಕ್ಕ ಹಾಕಿರುವವರು ಆಟಗಾರರ ವಯಸ್ಸಿನ ಅಂದಾಜನ್ನೂ ವರದಿಯೊಂದಿಗೆ ನೀಡುವುದು ಉಚಿತ.