ನೋವು ತೋಳಿನಲ್ಲಿ, ಮೂಲ ಸೊಂಟದಲ್ಲಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಂಬ ಗಾದೆಯು ಅಮೇರಿಕೆಯ ಬೇಸ್‌ಬಾಲ್ ಆಟದ ಬಾಲಕ ಎಸೆತಗಾರರಿಗೂ ಒಪ್ಪುತ್ತದೆ. ಚೆಂಡಿನ ವೇಗವು ಹುಟ್ಟುವುದು ಕೇವಲ ತೋಳಿನಲ್ಲಲ್ಲ. ಕಾಲಿನಿಂದೆದ್ದ ಬಲವು ಸೊಂಟ, ಮುಂಡಗಳ ತಿರುವಿನ ಮೂಲಕ ಭುಜವನ್ನು ಸೇರುತ್ತದೆ. ಸೊಂಟದ ಕೀಲು ಬಿಗಿದುಕೊಂಡು ಸರಾಗವಾಗಿ ತಿರುಗದಿದ್ದರೆ ಭುಜ, ಮೊಣಕೈಗಳ ಹೊರೆ ಹೆಚ್ಚಬಹುದು. ಬೆಳೆಯುವ ಎಲುಬಿನ ತುದಿಯ ಮೃದ್ವಸ್ಥಿಯು ಅತಿಯಾದ ಹೊರೆಯನ್ನು ತಾಳಲಾರದು.

1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ವೃತ್ತಿ ಆಟಗಾರನ ಮೊಣಕೈಯಲ್ಲಿ ಹರಿದಿದ್ದ ಅಸ್ಥಿಬಂಧವನ್ನು ಶಸ್ತ್ರಕ್ರಿಯೆಯಿಂದ ಮರುಕಟ್ಟಿದರು. ಇಂದು ಹದಿಹರೆಯದವರೂ ಅದೇ ಶಸ್ತ್ರಕ್ರಿಯೆಗೆ ಒಳಗಾಗುತ್ತಿರುವುದು ವಿಷಾದಕರ. 2007ರಿಂದ ಲಿಟ್ಲ್ ಲೀಗ್ ಸಂಸ್ಥೆಯು ಎಸೆತಗಳನ್ನೆಣಿಸಿ ಮಿತಿ ವಿಧಿಸಿದೆ. 11-12ರ ವಯಸ್ಸಿನವರಿಗೆ ದಿನಕ್ಕೆ 85. ಆದರೆ ಎಣಿಕೆಯೊಂದೇ ಸಾಲದು. ತೋಳು ನೊಂದ ಬಾಲಕನ ಸೊಂಟವನ್ನೂ ಪರೀಕ್ಷಿಸುವುದು ವಿವೇಕ.