ಸರ್ವರ್ ಸತ್ತಿತು, ಫೋಟೊ ಉಳಿದವು

‘ತಮ್ಮಾ, ಆ ನಿನ್ನ ಸರ್ವರ್ ಚಾಲೂನೇ ಆಗವಲ್ದು. ಹಡಗಲಿಯವರು ಫೋಟೊ ಕೇಳ್ಯಾರ, ಏನ್ ಮಾಡ್ಲಿ?’

ಶುಕ್ರವಾರ ರಾತ್ರಿ ದಾವಣಗೆರೆಯ ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್‌ಗೆ ಓದುತ್ತಿದ್ದಾಗ ಅಪ್ಪನ ಫೋನ್ ಬಂತು. ಕೊಟ್ಟೂರಿನಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಸುತ್ತಲಿನ ತಾಲ್ಲೂಕುಗಳ ಮದುವೆ, ಸೀಮಂತ, ಜಾತ್ರೆಗಳಿಗೆ ಅಪ್ಪ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗುತ್ತಾರೆ. ಮೂರನೇ ಸೆಮಿಸ್ಟರ್ ರಜೆಯಲ್ಲಿ ಹಳೆಯ ಕಂಪ್ಯೂಟರೊಂದಕ್ಕೆ ‘ಟ್ರೂನ್ಯಾಸ್’ ಎಂಬ ಉಚಿತ ತಂತ್ರಾಂಶ ಹಾಕಿ, 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಜೋಡಿಸಿ, ಅಷ್ಟೂ ಫೋಟೊ ಅದರಲ್ಲಿ ತುಂಬಿಸಿದ್ದೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ದಾಖಲಾಗುವ ‘ಮಿರರ್’ ವ್ಯವಸ್ಥೆ. ‘ಒಂದು ಡಿಸ್ಕ್ ಕೆಟ್ಟರೂ ಚಿಂತೆಯಿಲ್ಲ’ ಎಂದು ಅಪ್ಪನ ಮುಂದೆ ಜಂಬ ಕೊಚ್ಚಿದ್ದೆ. ಅದನ್ನು ನಂಬಿ ಅವರು ಹಳೆಯ ಮೆಮೊರಿ ಕಾರ್ಡ್‌ಗಳನ್ನೆಲ್ಲ ಅಳಿಸಿ ಮತ್ತೆ ಬಳಸತೊಡಗಿದ್ದರು!

ಹಡಗಲಿಯ ಆ ಮನೆಯ ಅಜ್ಜಿ ತೀರಿಕೊಂಡಿದ್ದರು. ಮೊಮ್ಮಗಳ ಮದುವೆಯಲ್ಲಿ ಅಪ್ಪ ತೆಗೆದದ್ದು ಬಿಟ್ಟರೆ ಅಜ್ಜಿಯ ಒಳ್ಳೆಯ ಫೋಟೊ ಅವರ ಬಳಿ ಇರಲಿಲ್ಲ. ಸೋಮವಾರ ಶಿವಗಣಾರಾಧನೆ. ಅಷ್ಟರೊಳಗೆ ಕಟ್ಟು ಹಾಕಿಸಿದ ದೊಡ್ಡ ಫೋಟೊ ಬೇಕು.

ಪರಿಚಯದ ರಿಪೇರಿಯವರೊಬ್ಬರು ‘ತಂದುಬಿಡ್ರಿ, ಎಲ್ಲಾ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಮಾಡಿಕೊಡ್ತೀನಿ’ ಅಂದಿದ್ದರಂತೆ. ಎದೆ ಧಸಕ್ಕೆಂದಿತು. ‘ನಾ ಬರೋತನಕ ಯಾರೂ ಮುಟ್ಟಬ್ಯಾಡ್ರಿ’ ಎಂದು ಹೇಳಿ, ವಿಡಿಯೊ ಕಾಲ್‌ನಲ್ಲಿ ಪರದೆ ತೋರಿಸಲು ಹೇಳಿದೆ. ಬಯೋಸ್ ಪಟ್ಟಿಯಲ್ಲಿ ಎರಡೂ ಹಾರ್ಡ್ ಡಿಸ್ಕ್‌ಗಳ ಹೆಸರಿತ್ತು. ತಂತ್ರಾಂಶವಿದ್ದ ಸಣ್ಣ ಎಸ್‌ಎಸ್‌ಡಿಯ ಹೆಸರೇ ಇರಲಿಲ್ಲ. ಕೆಟ್ಟಿದ್ದು ಬೂಟ್ ಡ್ರೈವ್ ಎಂದು ಖಾತ್ರಿಯಾಯಿತು. ಅರ್ಧ ಜೀವ ಬಂತು.

ಯಾಕೆಂದರೆ ಟ್ರೂನ್ಯಾಸ್‌ನಲ್ಲಿ ತಂತ್ರಾಂಶ ಒಂದು ಡ್ರೈವ್‌ನಲ್ಲಿ, ದತ್ತಾಂಶ ಬೇರೆ ಡಿಸ್ಕ್‌ಗಳಲ್ಲಿ ಇರುತ್ತದೆ. ಅದು ಬಳಸುವ ‘ಝಡ್‌ಎಫ್‌ಎಸ್’ ಕಡತ ವ್ಯವಸ್ಥೆ, ಯಾವ ಡಿಸ್ಕ್ ಯಾವುದರ ಜೊತೆಗಾರ ಎಂಬ ಗುರುತನ್ನು ಆಯಾ ಡಿಸ್ಕ್‌ಗಳ ಮೇಲೇ ಬರೆದಿಟ್ಟಿರುತ್ತದೆ. ಹೊಸ ಬೂಟ್ ಡ್ರೈವ್ ಹಾಕಿದರೆ ಅದು ಆ ಗುರುತನ್ನು ಓದಿಕೊಳ್ಳಬಲ್ಲದು.

ಶನಿವಾರ ಬೆಳಿಗ್ಗೆ ಹೊಸ ಎಸ್‌ಎಸ್‌ಡಿ ಕೊಂಡು, ಹರಪನಹಳ್ಳಿ ಮೇಲೆ ಹೋಗುವ ಬಸ್ ಹತ್ತಿ ಊರು ಸೇರಿದೆ. ಮೊದಲು ಮಾಡಿದ ಕೆಲಸ, ಎರಡೂ ಹಾರ್ಡ್ ಡಿಸ್ಕ್‌ಗಳ ಕೇಬಲ್ ಕಿತ್ತಿದ್ದು. ಇನ್‌ಸ್ಟಾಲ್ ಮಾಡುವಾಗ ಕೈತಪ್ಪಿ ಅವುಗಳಲ್ಲೊಂದನ್ನು ಆರಿಸಿದರೆ ಆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ನಿಂದ ಹೊಸ ಎಸ್‌ಎಸ್‌ಡಿಗೆ ತಂತ್ರಾಂಶ ಹಾಕಿ, ಕಂಪ್ಯೂಟರ್ ಆರಿಸಿ, ಕೇಬಲ್ ಮರಳಿ ಜೋಡಿಸಿ, ‘ಇಂಪೋರ್ಟ್ ಪೂಲ್’ ಒತ್ತಿದೆ. ಹಳೆಯ ಹೆಸರು ಕಾಣಿಸಿತು. ಅಪ್ಪ ಹಿಂದೆ ನಿಂತು ಉಸಿರು ಬಿಟ್ಟಿದ್ದು ಕೇಳಿಸಿತು.

ಆದರೆ ಅಪ್ಪನ ಫೋಲ್ಡರ್ ಮಾತ್ರ ‘ಅನುಮತಿ ಇಲ್ಲ’ ಎಂದಿತು. ಸೆಟ್ಟಿಂಗ್‌ಗಳೆಲ್ಲ ಸತ್ತ ಡ್ರೈವ್‌ನಲ್ಲಿದ್ದವು. ಅದರ ಪ್ರತಿ ನಾನು ಇಟ್ಟಿರಲಿಲ್ಲ. ಬಳಕೆದಾರರನ್ನು ಹೊಸದಾಗಿ ಸೃಷ್ಟಿಸಬೇಕಾಯಿತು. ಕಡತದ ಮಾಲೀಕ ಯಾರೆಂದು ವ್ಯವಸ್ಥೆ ನೆನಪಿಡುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಮೊದಲ ಸಲ ಅಪ್ಪನ ಖಾತೆ ಮೊದಲು ಮಾಡಿದ್ದೆ, ಈಗ ನನ್ನದು. ಸಂಖ್ಯೆ ಅದಲುಬದಲಾಗಿ, ಅಪ್ಪನ ಫೋಟೊಗಳಿಗೆಲ್ಲ ನಾನೇ ಯಜಮಾನನಾಗಿದ್ದೆ! ಇದು ಹೊಳೆಯಲು ಭಾನುವಾರ ಮಧ್ಯಾಹ್ನವಾಯಿತು. ಸರಿಪಡಿಸಿದ ಮೇಲೆ ಫೋಲ್ಡರ್ ತೆರೆಯಿತು. ಹಸಿರು ಇಳಕಲ್ ಸೀರೆಯುಟ್ಟು ಅಜ್ಜಿ ನಗುತ್ತಿದ್ದರು. ಸಂಜೆಯೊಳಗೆ ಫೋಟೊ ಹಡಗಲಿ ಬಸ್ ಹತ್ತಿತು.

ಆ ರಾತ್ರಿ ನನ್ನ ಜಂಬದ ಲೆಕ್ಕ ಹಾಕಿದೆ. ಮಿರರ್ ಎಂದರೆ ಬ್ಯಾಕಪ್ ಅಲ್ಲ. ಸಿಡಿಲು ಬಡಿದರೆ, ಕಳ್ಳತನವಾದರೆ, ನಾನೇ ತಪ್ಪಿ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಒಟ್ಟಿಗೇ ಹೋಗುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಈಗ ಸೆಟ್ಟಿಂಗ್ ಕಡತ ನನ್ನ ಮೇಲ್‌ನಲ್ಲೂ ಇದೆ. ಪ್ರತಿ ತಿಂಗಳು ತುಂಬಿಸಿದ ಹೊರ ಡಿಸ್ಕ್ ಒಂದು ಕೂಡ್ಲಿಗಿಯ ಅತ್ತೆ ಮನೆಯ ಬೀರುವಿನಲ್ಲಿದೆ.

ಪ್ರತಿ ಇಟ್ಟರೆ ಸಾಲದು, ತೆರೆದೂ ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಾಗಿ ಮುಖ್ಯ ಡೇಟಾಬೇಸ್ ಅಳಿಸಿದಾಗ, ಬ್ಯಾಕಪ್‌ಗಳು ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲವೆಂಬುದು ಗೊತ್ತಾಯಿತು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಪ್ರತಿಯೊಂದು ಸಿಕ್ಕಿ ಅವರು ಬಚಾವಾದರು.

ಗೆಳೆಯರೇ, ನಿಮ್ಮ ಪ್ರಾಜೆಕ್ಟ್ ರಿಪೋರ್ಟ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ರೆಸ್ಯೂಮೆ ಒಂದೇ ಪೆನ್‌ಡ್ರೈವ್‌ನಲ್ಲಿದ್ದರೆ ಇವತ್ತೇ ಇನ್ನೊಂದು ಕಡೆ ಹಾಕಿಡಿ.

ಪಿಯುಸಿ ಮುಗಿಸದ ನಮ್ಮಪ್ಪ ಈಗ ತಿಂಗಳಿಗೊಮ್ಮೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಕೂಡ್ಲಿಗಿ ಡಿಸ್ಕ್ ತಗದು ನೋಡಿದ್ಯಾ?’