‘ಆಗಿದ್ದು ಆತು ಬಿಡ್ರಿ’ ಅಂದರೆ ಶಾಂತಿಯೇ?

ದುಬಲಗುಂಡಿಯಲ್ಲಿ ಹುಮನಾಬಾದ್ ಬಸ್ಸಿಗೆ ಕಾಯುವವರಿಗೆ ಈ ಮಾತು ಹೊಸದಲ್ಲ. ಊರಾಗ ಬಡಿದಾಟ ಆತು ಅನ್ರಿ. ಮರುದಿನ ನಾಲ್ಕು ಮಂದಿ ಹಿರಿಯರು ಕಟ್ಟಿ ಮ್ಯಾಲೆ ಕೂತು, ತಲೆ ಒಡೆದವನನ್ನೂ ಒಡೆಸಿಕೊಂಡವನನ್ನೂ ಎದುರಿಗೆ ನಿಲ್ಲಿಸಿ, ‘ಆಗಿದ್ದು ಆತು ಬಿಡ್ರಿ, ಛಾ ಕುಡೀರಿ’ ಅಂತಾರೆ. ಛಾ ಕುಡಿದದ್ದೂ ಆಗುತ್ತದೆ. ಒಡೆದ ತಲೆಯ ಔಷಧಿ ಖರ್ಚು ಯಾರು ಕೊಡಬೇಕು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ.

ಇಂಥದೇ ಪ್ರಶ್ನೆಯನ್ನು 2008ರಲ್ಲಿ ಕರ್ನಾಟಕದ ಕ್ರೈಸ್ತರು ಸರ್ಕಾರಕ್ಕೆ ಕೇಳಿದರು. ನಮ್ಮ ಬೀದರ ಜಿಲ್ಲೆಯ ಕ್ರೈಸ್ತರು ಬಹುಮಟ್ಟಿಗೆ ಮೆಥೋಡಿಸ್ಟರು. ಪ್ರಾರ್ಥನೆ, ಹಾಡು ಎಲ್ಲಾ ಕನ್ನಡದಲ್ಲೇ. ಮಂಗಳೂರಿನವರು ಹೆಚ್ಚಾಗಿ ಕ್ಯಾಥೋಲಿಕರು, ಮನೆಮಾತು ಕೊಂಕಣಿ. ಪೆಟ್ಟು ಬಿದ್ದದ್ದು ಆ ಕಡೆ. ಆದರೂ ಈ ಕಡೆಯವರಿಗೆ ಇದು ದೂರದ ಸುದ್ದಿಯಾಗಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ವರ್ಷ ಆಗಸ್ಟ್ 23ರಂದು ಒಡಿಶಾದ ಕಂಧಮಾಲ್‌ನಲ್ಲಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಕೊಲೆಯಾಯಿತು. ಅದರ ಹಿಂದೆಯೇ ಅಲ್ಲಿನ ಕ್ರೈಸ್ತರ ಮನೆಗಳು ಸುಟ್ಟವು, ಹತ್ತಾರು ಜನ ಸತ್ತರು. ಆಗಸ್ಟ್ 29ರಂದು ದೇಶದ ಕ್ಯಾಥೋಲಿಕ್ ಶಾಲೆಗಳು ಒಂದು ದಿನ ಬಾಗಿಲು ಹಾಕಿ ದುಃಖ ತೋರಿಸಿದವು. ಕಲ್ಲಿಲ್ಲ, ಬೆಂಕಿಯಿಲ್ಲ, ಬರೀ ರಜೆ. ಅಷ್ಟಕ್ಕೇ ನಮ್ಮ ರಾಜ್ಯ ಸರ್ಕಾರ ಶಾಲೆಗಳಿಗೆ ನೋಟಿಸು ಕಳಿಸಿತು! ಯಾವ್ಯಾವುದೋ ಬಂದ್‌ಗೆ ಅಂಗಡಿ ಮುಚ್ಚಿ ರೂಢಿಯಿರುವ ನಮ್ಮ ವ್ಯಾಪಾರಸ್ಥರಿಗೆ ಇದರ ತಮಾಷೆ ಬೇಗ ತಿಳಿದೀತು.

ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಗುಂಪು ನುಗ್ಗಿತು. ಶಿಲುಬೆ ಮುರಿಯಿತು. ಅದೇ ದಿನ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಕಡೆ ಇನ್ನೂ ಹಲವು ಪ್ರಾರ್ಥನಾ ಮಂದಿರಗಳಿಗೆ ಪೆಟ್ಟು ಬಿತ್ತು. ಮತಾಂತರ ನಡೀತದ ಅನ್ನುವುದು ದಾಳಿ ಮಾಡಿದವರ ದೂರು. ದೂರಿದ್ದರೆ ಪೊಲೀಸ್ ಠಾಣೆ ಇರಲಿಲ್ಲವೇ? ಮಾರನೆಯ ದಿನ ಪ್ರತಿಭಟನೆಗೆ ನಿಂತ ಕ್ರೈಸ್ತರ ಮೇಲೆಯೇ ಲಾಠಿ ಬೀಸಿತು. ಕೆಲವು ಹುಡುಗರು ಕಲ್ಲು ತೂರಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.

ಬಿಷಪ್ ಅಲೋಶಿಯಸ್ ಪೌಲ್ ಡಿಸೋಜ ತಮ್ಮ ಜನಕ್ಕೆ ಶಾಂತಿಯಿಂದಿರಿ ಎಂದರು. ಒಂದು ವಾರದೊಳಗೆ ಬೆಂಗಳೂರಿನಲ್ಲೂ ಚರ್ಚುಗಳಿಗೆ ಪೆಟ್ಟು ಬಿದ್ದಾಗ, ಭೇಟಿಗೆ ಬಂದ ಮುಖ್ಯಮಂತ್ರಿ ಯಡಿಯೂರಪ್ಪನವರ ಎದುರೇ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ತಮ್ಮ ನೋವನ್ನು ನೇರವಾಗಿ ಹೇಳಿದರು, ಅದೂ ಕ್ಯಾಮೆರಾಗಳ ಮುಂದೆ. ಕೈ ಎತ್ತಬೇಡಿ ಎಂದು ತಮ್ಮವರಿಗೆ, ಕೈ ಎತ್ತಿದವರನ್ನು ಹಿಡಿಯಿರಿ ಎಂದು ಸರ್ಕಾರಕ್ಕೆ. ಇವರ ಶಾಂತಿಯಲ್ಲಿ ಎರಡೂ ಇದ್ದವು.

ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು. 2011ರ ಜನವರಿಯಲ್ಲಿ ಬಂದ ಅಂತಿಮ ವರದಿ, ಸರ್ಕಾರಕ್ಕಾಗಲಿ ಬಿಜೆಪಿಗಾಗಲಿ ಸಂಘಪರಿವಾರದ ಮುಖ್ಯ ಸಂಘಟನೆಗಳಿಗಾಗಲಿ ಇದರಲ್ಲಿ ಕೈಯಿಲ್ಲ ಎಂದಿತು. ಕ್ರೈಸ್ತರು ಒಪ್ಪಲಿಲ್ಲ, ಸಿಬಿಐ ತನಿಖೆಯಾಗಲಿ ಎಂದರು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ ತಾವೇ ಬೇರೆ ವರದಿ ಬರೆದು ಸರ್ಕಾರದ ಮೇಲೆಯೇ ಬೆರಳು ತೋರಿಸಿದರು.

ಈಗ ನಮ್ಮ ಕಡೆಗೆ ಬರೋಣ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಕಡೆಯ ಗೋರ್ಟಾದಲ್ಲಿ ರಜಾಕಾರರು ಮಾಡಿದ ಹತ್ಯಾಕಾಂಡ ನಮ್ಮ ಮನೆಮನೆಯ ಕಥೆ. ಅದೇ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಹೆಸರಲ್ಲಿ ಮುಸ್ಲಿಮರು ಸತ್ತದ್ದನ್ನು ಮಾತ್ರ ನಾವು ದನಿ ತಗ್ಗಿಸಿ ಹೇಳುತ್ತೇವೆ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ತಂಡ, ಸಂಸ್ಥಾನದಲ್ಲಿ ಸತ್ತವರು 27ರಿಂದ 40 ಸಾವಿರ ಇರಬಹುದು ಎಂದು ಅಂದಾಜಿಸಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡಲಿಲ್ಲ. ‘ಆಗಿದ್ದು ಆತು ಬಿಡ್ರಿ’ ಅನ್ನೋದು ದಿಲ್ಲಿಯಲ್ಲೂ ನಡೀತದ ನೋಡ್ರಿ. ಜನರ ಕೈಗೆ ಅದು ಸಿಗುವ ಹೊತ್ತಿಗೆ, ಅಪ್ಪನನ್ನು ಕಳೆದುಕೊಂಡ ಮಕ್ಕಳೇ ಮುದುಕರಾಗಿದ್ದರು.

ಮಂಗಳೂರಿನ ಕಥೆಗೆ ಇನ್ನೊಂದು ತುದಿ ಇದೆ. ಆ ದಾಳಿಗಳು ನಮ್ಮವೇ ಎಂದು ಆಗ ಪತ್ರಿಕೆಗಳ ಮುಂದೆ ಹೇಳಿ ಜೈಲಿಗೆ ಹೋದವರು ಬಜರಂಗದಳದ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್. ಕೆಲ ಕಾಲದ ನಂತರ ಅವರು ಆ ಸಂಘಟನೆ ಬಿಟ್ಟರು. ಅಂದು ನಡೆದದ್ದು ತಪ್ಪು ಎನ್ನುತ್ತಾ, ಕೋಮು ಸೌಹಾರ್ದದ ಪರ ಊರೂರು ತಿರುಗಿ ಭಾಷಣ ಮಾಡಿದರು. ಅವರಿಗೆ ಚಪ್ಪಾಳೆ ತಟ್ಟಿದವರಲ್ಲಿ ಕ್ರೈಸ್ತರೂ ಇದ್ದರು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಹೃದಯಾಘಾತದಿಂದ ತೀರಿಕೊಂಡರು.